ನಡುವಿನ ಕುರ್ಚಿ

ದೊಡ್ಡಬಸವರಾಜನನ್ನು ಆ ಹುಡುಗಿ ಡ್ರೈವರ್ ಎಂದುಕೊಂಡದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಇದನ್ನು ಅವನು ತನಗೆ ತಾನೇ ನಾಲ್ಕು ಸಲ ಹೇಳಿಕೊಂಡ. ನಾಲ್ಕನೆಯ ಸಲವೂ ಸಮಾಧಾನವಾಗಲಿಲ್ಲ. ಬಳ್ಳಾರಿಯ ಆ ಶೋರೂಮಿನ ಅಂಗಳದಲ್ಲಿ ತಂಗಿಯ ಮಗಳು ಅಂಜನಾ, ಪರಿಚಯದವರಿಂದ ಕೇಳಿ ತಂದಿದ್ದ ಹಳೇ ಕಾರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾಗ ಅವನೇ ಮೊದಲು ಕೆಳಗಿಳಿದು, ಟವೆಲು ಹೆಗಲಿಗೆ ಹಾಕಿಕೊಂಡು, "ಬರ್ಲಿ, ಬರ್ಲಿ, ಎಡಕ್ಕ ಹೊಡಿ" ಎಂದು ಕೈ ಬೀಸುತ್ತ ನಿಂತಿದ್ದ. ಅಂಜನಾಗೆ ಅದು ಬೇಕಿರಲಿಲ್ಲ, ಅವಳು ಕನ್ನಡಿ ನೋಡಿಕೊಂಡು ಒಂದೇ ಏಟಿಗೆ ನಿಲ್ಲಿಸಿದಳು. ಆದರೆ ಯಾರದೇ ಗಾಡಿ ಹಿಂದಕ್ಕೆ ಬರುತ್ತಿದ್ದರೂ ನಿಂತು ಕೈ ಬೀಸುವುದು ಅವನ ಅಭ್ಯಾಸ. ಅರವತ್ತೆರಡರ ವಯಸ್ಸಿನಲ್ಲಿ ಅಭ್ಯಾಸ ಬಿಡು ಅಂದರೆ ಬಿಡುವುದಿಲ್ಲ. ಒಳಗೆ ಹೋದಾಗ ನೀಲಿ ಕೋಟಿನ ಹುಡುಗಿ ತಂಗಿ ಚನ್ನವೀರಮ್ಮನಿಗೂ ಅಂಜನಾಗೂ ನೀರಿನ ಬಾಟಲಿ ಕೊಟ್ಟು, ಅವನ ಕಡೆ ತಿರುಗಿ ನಗುನಗುತ್ತಲೇ, "ಡ್ರೈವರ್ ಅಂಕಲ್, ನಿಮಗ ಹೊರಗ ಕೂಡಾಕ ಜಾಗ ಐತ್ರಿ, ಟೀ ಅಲ್ಲೇ ಕಳಸ್ತೀವಿ" ಅಂದಳು. ಅಂಜನಾ, "ಅವರು ನಮ್ಮ ಮಾಮ" ಅಂದಳು. ಹುಡುಗಿ ನಾಲಿಗೆ ಕಚ್ಚಿಕೊಂಡು ಸಾರಿ ಕೇಳಿದಳು. ಅರ್ಧ ನಿಮಿಷದ ಮಾತು, ಅಲ್ಲಿಗೇ ಮುಗಿಯಿತು. ಮುಗಿಯದೆ ಉಳಿದದ್ದು ಚನ್ನವೀರಮ್ಮನ ನಗು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು, ಚಿಕ್ಕವಳಿದ್ದಾಗ ಅಣ್ಣ ಸೈಕಲ್ಲಿನಿಂದ ಬಿದ್ದರೆ ನಗುತ್ತಿದ್ದಳಲ್ಲ, ಹಾಗೆಯೇ. ಕೆಡುಕಿನ ನಗುವಲ್ಲ ಅದು.

ಕುರುಗೋಡಿನಲ್ಲಿ ಅವನಿಗೆ ಹೀಗಾಗುವುದಿಲ್ಲ. ಊರ ದೊಡ್ಡ ಬಸವಣ್ಣನ ಹೆಸರಿಟ್ಟುಕೊಂಡವನು, ಹೈಸ್ಕೂಲಿನ ಗುಮಾಸ್ತಿಕೆಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತನಾದವನು. ಆದರೆ ಅವನ ಮರ್ಯಾದೆ ಬಂದದ್ದು ಗುಮಾಸ್ತಿಕೆಯಿಂದಲ್ಲ. ಎತ್ತಿರಲಿ, ಹೊಲವಿರಲಿ, ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರಿರಲಿ, ಕೊಡುವವನೊಂದು ಹೇಳಿ ತೆಗೆದುಕೊಳ್ಳುವವನೊಂದು ಹೇಳಿ ಮಾತು ಜಗ್ಗಿ ನಿಂತಾಗ ಇಬ್ಬರೂ ಅವನ ಕಟ್ಟೆಗೆ ಬರುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಮೊದಲು ಇಬ್ಬರೂ ಅವನ ಅಂಗೈಮೇಲೆ ಕೈಯಿಟ್ಟು, "ನೀವು ಅಂದದ್ದಕ್ಕ ಒಪ್ಪಿಗಿ" ಅನ್ನಬೇಕು. ಆಮೇಲೆ ಅವನು ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕಣ್ಣು ತೆರೆದು ಒಂದು ಮೊತ್ತ ಹೇಳುತ್ತಾನೆ, ಅಷ್ಟೇ, ಆ ಮೊತ್ತದಿಂದ ಯಾರೂ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಕಮಿಷನ್ ಅಂತ ಒಂದು ಕಪ್ ಚಹಾ ಬಿಟ್ಟು ಅವನು ಏನನ್ನೂ ಮುಟ್ಟಿದವನಲ್ಲ. ಮೂವತ್ತು ವರ್ಷದಲ್ಲಿ ಯಾರೂ ಗಮನಿಸದ, ಅಥವಾ ಗಮನಿಸಿಯೂ ಬಾಯಿಬಿಡದ ಸಂಗತಿಯೆಂದರೆ, ಅವನು ಹೇಳುತ್ತಿದ್ದ ಮೊತ್ತ ಯಾವಾಗಲೂ ಸರಿಯಾಗಿ ನಡುವಿನದು. ಎರಡನ್ನೂ ಕೂಡಿಸಿ ಅರ್ಧ ಮಾಡುವುದಕ್ಕೆ ಮೂರನೇ ಇಯತ್ತೆಯ ಲೆಕ್ಕ ಸಾಕು. ಆದರೆ ಹೇಳುವ ಮೊದಲು ಹಾಗೆ ಕಣ್ಣು ಮುಚ್ಚಿಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ.

ಇವತ್ತು ಮಾತ್ರ ಅವನು ನಡುವಿನವನಾಗಿ ಬಂದಿರಲಿಲ್ಲ. ಬೆಳಿಗ್ಗೆ ತಾಯಿ ಮಗಳು ಸಿರುಗುಪ್ಪದಿಂದ ಹೊರಟವರು ನೇರ ಬಳ್ಳಾರಿಗೆ ಹೋಗಬಹುದಿತ್ತು, ಸುತ್ತು ಹಾಕಿ ಕುರುಗೋಡಿಗೆ ಬಂದು ಅವನನ್ನು ಹತ್ತಿಸಿಕೊಂಡರು. ಚನ್ನವೀರಮ್ಮ ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ ಖಾನಾವಳಿ ನಡೆಸುತ್ತಾಳೆ. ಈಗ ಐದಾರು ವರ್ಷದಿಂದ ಮದುವೆ, ಗೃಹಪ್ರವೇಶಗಳಿಗೆ ರೊಟ್ಟಿ ಬಡಿದುಕೊಡುವ ಗುತ್ತಿಗೆ ಹಿಡಿಯುತ್ತಾಳೆ. ಜಡೆಮ್ಮ, ಪಾರಮ್ಮ ಅಂತ ಆರು ಮಂದಿ ಹೆಂಗಸರು, ಏಳನೆಯವಳು ಅವಳು. ಹಂಚು, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಚೀಲಗಳ ಜೊತೆ ಟಂಟಂ ಆಟೋದಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಗುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ಮದುವೆಮನೆಯ ಯಜಮಾನ ಅವರನ್ನು ಟಂಟಂನಿಂದ ಇಳಿಯುವಾಗ ನೋಡಿ, ಹಿಂದಿನ ಬಾಗಿಲಿಗೆ ಹೋಗಿ ಅಂದನಂತೆ. ಆವತ್ತೇ ಅವಳು ಏಳು ಸೀಟಿನ ದೊಡ್ಡ ಗಾಡಿಯೇ ಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಅಂಜನಾ ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಹೇಳುವ ಅತಿಥಿ ಉಪನ್ಯಾಸಕಿ, ಹತ್ತು ಕಡೆ ಫೋನು ಮಾಡಿ ದರ ಕೇಳಿದವಳು. ದಾರಿಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ, "ಮಾಮ, ಹೊಸಪೇಟಿಯಾಗ ಇದೇ ಗಾಡಿ ಹದಿನೇಳು ಲಕ್ಷ ನಲವತ್ತು ಸಾವಿರಕ್ಕ ಕೊಡ್ತೀವಿ ಅಂತ ಬರದು ಕಳಿಸ್ಯಾರ, ಫೋನಿನ್ಯಾಗ ಐತಿ. ಬಳ್ಳಾರಿಯಾಗ ತಗೊಂಡ್ರ ಸರ್ವೀಸಿಗೆ ಸಮೀಪ ಅಂತ ಇಲ್ಲಿ ಬಂದೀವಿ ಅಷ್ಟs. ಅದರ ಮ್ಯಾಲ ಒಂದು ರೂಪಾಯಿ ಹೋಗಬಾರದು" ಅಂದಳು. "ಆತು ಬಿಡವ್ವ" ಅಂದ ಅವನು. ಹಿಂದಿನ ಸೀಟಿನಲ್ಲಿದ್ದ ಚನ್ನವೀರಮ್ಮ ಸ್ವಲ್ಪ ಹೊತ್ತಾದ ಮೇಲೆ ಮುಂದಕ್ಕೆ ಬಾಗಿ, "ಅಣ್ಣ, ಇವತ್ತು ನೀನು ನಮ್ಮ ಕಡಿಯಾಂವ, ಏನಪಾ" ಅಂದಳು. ನಗುತ್ತಲೇ ಅಂದಳು. ಈ ಮಾತನ್ನು ಹೇಳಬೇಕಾದ ಅಗತ್ಯವೇನಿತ್ತೆಂದು ಅವನು ಬಳ್ಳಾರಿ ಬರುವವರೆಗೂ ಯೋಚಿಸುತ್ತ ಕೂತ.

ಬಿಳಿ ಬಣ್ಣದ ಗಾಡಿಯೊಂದನ್ನು ಒಳಗೇ ನಿಲ್ಲಿಸಿದ್ದರು. ಹುಡುಗಿ ಬಾಗಿಲು ತೆರೆದು, "ಕೂತು ನೋಡ್ರಿ ಅಮ್ಮ" ಅಂದಾಗ ಚನ್ನವೀರಮ್ಮ ಚಪ್ಪಲಿ ಬಿಟ್ಟು ಹತ್ತಿದಳು. ಹುಡುಗಿ ಚಪ್ಪಲಿ ಹಾಕ್ಕೊಳ್ರಿ ಅಂದರೂ ಕೇಳದೆ, ಸ್ಟೇರಿಂಗಿನ ಹಿಂದೆ ನೆಟ್ಟಗೆ ಕೂತು, ಎರಡೂ ಕೈ ಅದರ ಮೇಲಿಟ್ಟಳು. ಬೆಂಕಿಯ ಮುಂದೆ ಕೂತು ಕೂತು ಆ ಕೈಗಳ ಚರ್ಮ ಬಲಿತು ಕಪ್ಪಾಗಿತ್ತು. ಬಲಗೈಯ ಹೆಬ್ಬೆರಳು ಸ್ವಲ್ಪ ವಾರೆ. ಈ ಹೆಬ್ಬೆರಳನ್ನು ಅವನು ಹದಿನಾರು ವರ್ಷದ ಹಿಂದೆ ಒಮ್ಮೆ ಬಹಳ ಹತ್ತಿರದಿಂದ ನೋಡಿದ್ದ: ಸಬ್‌ರಿಜಿಸ್ಟ್ರಾರ್ ಕಚೇರಿಯ ಮೇಜಿನ ಮೇಲೆ, ನೀಲಿ ಮಸಿಯಲ್ಲಿ. ಅವಳಿಗೆ ಸಹಿ ಮಾಡಲು ಬರುತ್ತಿತ್ತು, ಮಾಡಿಯೂ ಇದ್ದಳು. ಹೆಬ್ಬೆರಳೂ ಬೇಕು ಅಂದರು, ಒತ್ತಿದಳು. ಅವಳ ಗಂಡ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅಪ್ಪನ ಹನ್ನೊಂದು ಎಕರೆ ಕಾಲುವೆ ನೀರಿನ ಗದ್ದೆಯಲ್ಲಿ ಅವಳು ಎರಡು ಎಕರೆ ಕೇಳಿದ್ದಳು, ಇಲ್ಲವಾದರೆ ನಾಲ್ಕು ಲಕ್ಷ. ತಮ್ಮ ಕರಿಬಸವ, ಕೊಟ್ಟು ಕಳಿಸಿದ ಹೆಣ್ಣುಮಗಳಿಗೆ ಒಂದು ಸೀರೆಯ ಮೇಲೆ ಬಿಡಿಗಾಸೂ ಇಲ್ಲ ಎಂದು ಕೂತಿದ್ದ. ಇಬ್ಬರೂ ದೊಡ್ಡಬಸವರಾಜನ ಅಂಗೈಮೇಲೆ ಕೈಯಿಟ್ಟರು. ಅವನು ಕಣ್ಣು ಮುಚ್ಚಿ ತೆರೆದು ಎರಡು ಲಕ್ಷ ಅಂದ. ಅವಳು ಒಂದು ಗಳಿಗೆ ಅವನನ್ನು ನೋಡಿ, "ಅಣ್ಣ ಅಂದ ಮ್ಯಾಲ ಮುಗೀತು" ಅಂದಳು. ಎರಡು ಲಕ್ಷ ಮತ್ತು ಒಂದು ಇಳಕಲ್ ಸೀರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬಿತ್ತು. ಆ ಎರಡು ಎಕರೆ ಪಾಲಾದಾಗ ಬಂದದ್ದು ದೊಡ್ಡಬಸವರಾಜನ ಕಡೆಗೆ. ಈಗ ಅದರ ಪಕ್ಕಕ್ಕೇ ಲೇಔಟಿನ ಕಲ್ಲು ನೆಟ್ಟಿದ್ದಾರೆ, ಎಕರೆಗೆ ನಲವತ್ತು ಲಕ್ಷಕ್ಕೆ ಕೇಳುತ್ತಾರೆ. ಅವನು ಕೊಟ್ಟಿಲ್ಲ, ಸೋನಾಮಸೂರಿ ಹಾಕುತ್ತಾನೆ, ಪ್ರತಿ ವರ್ಷ ಪಂಚಮಿಗೆ ಒಂದು ಚೀಲ ಅಕ್ಕಿ ತಂಗಿಗೆ ತಪ್ಪದೆ ಕಳಿಸುತ್ತಾನೆ. ಹಾಗೆ ಕಳಿಸಿದ ದಿನ ಅವನಿಗೆ ಒಳ್ಳೆಯ ನಿದ್ದೆ ಬರುತ್ತದೆ.

"ಅಣ್ಣ, ನೀನೂ ಹತ್ತಿ ನೋಡು" ಎಂದು ಚನ್ನವೀರಮ್ಮ ಗಾಡಿಯೊಳಗಿಂದ ಕರೆದಳು. "ನಾನ್ಯಾಕ, ಡ್ರೈವರು" ಅಂದುಬಿಟ್ಟ ಅವನು. ತಮಾಷೆಯ ಧಾಟಿಯಲ್ಲೇ ಹೇಳಬೇಕೆಂದಿದ್ದ ಮಾತು, ಹೊರಗೆ ಬರುವಾಗ ಹುಳಿಯಾಗಿ ಬಂತು. ಅವಳ ಮುಖ ಸಣ್ಣದಾಯಿತು. ಇಳಿದು ಬಂದು ಚಪ್ಪಲಿ ಮೆಟ್ಟಿಕೊಂಡಳು.

ಮ್ಯಾನೇಜರನ ಹೆಸರು ಹುಲಿಗೇಶ್. ಮೂವತ್ತೈದರ ಆಸುಪಾಸು, ಗಾಜಿನ ಕೋಣೆ, ಮೇಜಿನ ಆಚೆ ಅವನು, ಈಚೆ ಮೂರು ಕುರ್ಚಿಗಳಲ್ಲಿ ಇವರು. ಒಂದು ಹಾಳೆಯನ್ನು ಮುಂದೆ ತಳ್ಳಿದ. ಎಲ್ಲ ಸೇರಿ ಹದಿನೆಂಟು ಲಕ್ಷ ಅರವತ್ತೆರಡು ಸಾವಿರ. ಅಂಜನಾ ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಒಂದೊಂದೇ ಸಾಲಿಗೆ ಬಂದಳು. "ಇನ್ಶೂರೆನ್ಸ್ ಹೊರಗ ಮಾಡಿಸಿದ್ರ ಇಪ್ಪತ್ತೆರಡು ಸಾವಿರ ಕಡಿಮಿ ಆಕ್ಕೈತ್ರಿ. ಸೀಟ್ ಕವರು, ಮ್ಯಾಟು ನಾವು ಕೇಳೇ ಇಲ್ಲ. ಮತ್ತ ಇದೇನ್ರಿ, ಹ್ಯಾಂಡ್ಲಿಂಗ್ ಚಾರ್ಜ್? ಗಾಡೀನ ಕೈಯಾಗ ಹಿಡಕೊಂಡು ತರ್ತೀರೇನು?" ಹುಲಿಗೇಶ್ ನಕ್ಕ, ನಗುವುದು ಅವನ ಕೆಲಸದ ಭಾಗ. "ಮೇಡಮ್, ನಿನ್ನೆನೇ ಕಂಟೋನ್ಮೆಂಟಿನ ಡಾಕ್ಟರೊಬ್ಬರಿಗೆ ಹದಿನೆಂಟು ನಲವತ್ತಕ್ಕ ಕೊಟ್ಟೀನಿ. ನಿಮಗ ಇಪ್ಪತ್ತಕ್ಕ ಇಳಸ್ತೀನಿ. ಹದಿನೆಂಟು ಇಪ್ಪತ್ತು. ಕೊನೀ ಮಾತು." ಚನ್ನವೀರಮ್ಮ, "ಹದಿನೇಳು ಮೂವತ್ತು" ಅಂದಳು. ರೊಟ್ಟಿ ಗುತ್ತಿಗೆ ಮಾತಾಡುವಾಗಲೂ ಹೀಗೆಯೇ ಮಾತಾಡುತ್ತಾಳೇನೋ. "ಅಮ್ಮಾರ, ಅಷ್ಟಕ್ಕ ಕಂಪನಿಯವರು ನನಗs ಕೊಡಂಗಿಲ್ಲ." "ಹದಿನೇಳು ಮೂವತ್ತು" ಎಂದಳು ಅವಳು ಮತ್ತೆ.

ಹದಿನೈದು ನಿಮಿಷ ಹೀಗೇ ಹೋಯಿತು. ಈ ಹೊತ್ತಿನಲ್ಲಿ ದೊಡ್ಡಬಸವರಾಜ ಒಂದು ಮಾತನ್ನೂ ಆಡಿರಲಿಲ್ಲ. ಆಡಲು ಏನೂ ಉಳಿದಿರಲಿಲ್ಲ. ಅಂಜನಾ ಹಾಳೆಯನ್ನು ಸುಲಿಯುತ್ತಿದ್ದಳು, ಚನ್ನವೀರಮ್ಮ ಒಂದೇ ಮೊತ್ತದ ಮೇಲೆ ಕಲ್ಲಿನಂತೆ ಕೂತಿದ್ದಳು. ತನ್ನನ್ನು ಇವರು ಯಾಕೆ ಕರೆದುಕೊಂಡು ಬಂದರೆಂದು ಅವನಿಗೆ ಅರ್ಥವಾಗಲಿಲ್ಲ. ಅಪ್ಪ ಒಂದು ಸಲ ಅವನನ್ನು ಹೋರಿ ತರಲು ಕರೆದುಕೊಂಡು ಹೋಗಿ, ವ್ಯಾಪಾರವಾಗುವಷ್ಟು ಹೊತ್ತೂ ಚೀಲ ಕಾಯಿಸಿದ್ದ. ಆಗ ಹತ್ತು ವರ್ಷ. ದೊಡ್ಡವರ ಕಾಲುಗಳ ನಡುವೆ ಇಣುಕುತ್ತ, ಏನು ನಡೆಯುತ್ತಿದೆಯೆಂದು ಕೇಳಿದರೆ ಯಾರೂ ಹೇಳಲಿಲ್ಲ. ನಡುವೆ ಕೂತ ಹಿರಿಯನೊಬ್ಬ ಮಾತ್ರ ಎಲ್ಲರಿಗೂ ಕಾಣುತ್ತಿದ್ದ, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಹುಲಿಗೇಶನ ಕಣ್ಣು ತನ್ನ ಮೇಲೆ ಬಿದ್ದಾಗ ದೊಡ್ಡಬಸವರಾಜ ಟವೆಲನ್ನು ಮಡಿಲಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಕೂತ.

"ಯಜಮಾನ್ರ ಊರು ಯಾವುದ್ರಿ?"

"ಕುರುಗೋಡು."

"ಕುರುಗೋಡಾ? ಅಲ್ಲಿ ದೊಡ್ಡಬಸಣ್ಣಾರು ಅಂತ..."

"ನಾನs."

ಹುಲಿಗೇಶ್ ಎದ್ದು ನಿಂತ. ನಿಜಕ್ಕೂ ಎದ್ದು ನಿಂತ, ಕೈ ಮುಗಿದ. "ನಮ್ಮಪ್ಪ ರೂಪನಗುಡಿಯಾಂವ್ರಿ, ಮೆಣಸಿನಕಾಯಿ ದಲಾಲಿ ಮಾಡತಿದ್ದ. ನಿಮ್ಮ ಹೆಸರು ಬಾಳ ಹೇಳತಿದ್ದ. ನಡುವ ಕೂತ್ರ ದೊಡ್ಡಬಸಣ್ಣ ಕೂಡಬೇಕು, ತನ್ನ ಹೆಂಡ್ರು ಮಕ್ಕಳ ಮುಖಾನೂ ನೋಡಂಗಿಲ್ಲ ಅಂತಿದ್ದ." ಗಾಜಿನ ಆಚೆ ನಿಂತಿದ್ದ ನೀಲಿ ಕೋಟಿನ ಹುಡುಗಿಯನ್ನು ಕರೆದು, "ಯಜಮಾನ್ರಿಗೆ ಸಕ್ಕರಿ ಕಡಿಮಿ ಹಾಕಿ ಒಂದು ಸ್ಪೆಷಲ್ ಚಾ ತಗೊಂಬಾ" ಅಂದ. ಹುಡುಗಿ ಅವನನ್ನು ಈಗ ಬೇರೆ ಥರ ನೋಡಿದಳು. ದೊಡ್ಡಬಸವರಾಜನಿಗೆ ಮೈಯೊಳಗೆ ಬಿಸಿಯೊಂದು ಹರಿದಂತಾಯಿತು. ಇಷ್ಟು ಸಣ್ಣ ಮಾತಿಗೆ ಇಷ್ಟು ಸುಖವಾಗಬಾರದೆಂದು ಗೊತ್ತಿತ್ತು. ಆಯಿತು, ಏನು ಮಾಡಲಿಕ್ಕಾಗುತ್ತದೆ.

"ಹಿಂಗ ಮಾಡೂಣ್ರಿ" ಎಂದ ಹುಲಿಗೇಶ್. "ನಾವು ನಾವs ಜಗ್ಗಾಡೋದು ಬ್ಯಾಡ. ನೀವು ಹಿರೇರು ಇದ್ದೀರಿ. ಅಮ್ಮಾರಿಗೆ ಅಣ್ಣ, ನನಗ ನಮ್ಮಪ್ಪ ಇದ್ದಂಗ. ನೀವು ನಡುವ ಕೂತು ಒಂದು ಮಾತು ಹೇಳ್ರಿ, ನಾ ಎರಡು ಮಾತಾಡಂಗಿಲ್ಲ."

ಆಗ ಅವನು ಎದ್ದ. ಎದ್ದು ಕುರ್ಚಿಯನ್ನು ತಂಗಿಯ ಪಕ್ಕದಿಂದ ಎಳೆದು ಮೇಜಿನ ಕೊನೆಗೆ, ಆಚೆಗೂ ಅಲ್ಲ ಈಚೆಗೂ ಅಲ್ಲದ ಕಡೆ ಹಾಕಿಕೊಂಡು ಕೂತ. ಕುರ್ಚಿಯ ಕಾಲು ನೆಲದ ಮೇಲೆ ಕಿರ್ರೆಂದಿತು. ಅದನ್ನು ಮಾಡಿದ್ದು ತಾನು ಎಂದು ಅವನಿಗೆ ಹೊಳೆದದ್ದು ಕೂತ ಮೇಲೆಯೇ. "ಮಾಮ" ಅಂದಳು ಅಂಜನಾ, ಮೊಬೈಲನ್ನು ಎತ್ತಿ ತೋರಿಸುತ್ತ. ಅದರಲ್ಲಿ ಹೊಸಪೇಟೆಯವರು ಬರೆದು ಕಳಿಸಿದ್ದು ಇತ್ತು. ಅವನು ಅವಳಿಗೆ ಕೈಸನ್ನೆಯಲ್ಲಿ ಇಳಿಸು ಅಂದ. ಒಬ್ಬ ನಿನ್ನನ್ನು ನಂಬಿ ನಡುವೆ ಕೂರಿಸಿದ ಮೇಲೆ ಇನ್ನೊಂದು ಊರಿನ ಚೀಟಿ ತೋರಿಸಿ ಹೆದರಿಸುವುದೇ? ಅದು ಸಂತೆಯ ನಡತೆ. ಹೀಗೆ ಅವನು ತನ್ನೊಳಗೆ ಅಂದುಕೊಂಡ. ಹಾಗೆ ಅಂದುಕೊಳ್ಳುವಾಗಲೇ, ಈ ಮ್ಯಾನೇಜರ್ ಹುಡುಗನ ಮುಂದೆ ತಾನು ದೊಡ್ಡವನಾಗಿ ಉಳಿಯಬೇಕೆಂಬುದೇ ಅಸಲು ಮಾತು ಎಂದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಬದಿಗಿಟ್ಟು ಅಂಗೈಯನ್ನು ಮೇಜಿನ ಮೇಲೆ ಚಾಚಿದ.

ಹುಲಿಗೇಶ್ ತಡಮಾಡದೆ ಕೈಯಿಟ್ಟ. "ನೀವು ಅಂದದ್ದಕ್ಕ ಒಪ್ಪಿಗಿ." ಅವನ ಕೈ ಎಸಿಯ ಗಾಳಿಗೆ ತಣ್ಣಗಿತ್ತು. ಚನ್ನವೀರಮ್ಮ ಅಣ್ಣನ ಕೈಯನ್ನು ನೋಡಿದಳು, ಆಮೇಲೆ ಖಾಲಿಯಾದ ಪಕ್ಕದ ಜಾಗವನ್ನು ನೋಡಿದಳು. "ಅಮ್ಮಾ, ಬ್ಯಾಡ" ಎಂದಳು ಅಂಜನಾ. "ಇರಲಿ ಬಿಡು" ಎಂದು ಚನ್ನವೀರಮ್ಮ ನಿಧಾನಕ್ಕೆ ಕೈಯಿಟ್ಟಳು. ಆ ಕೈ ಒರಟಾಗಿತ್ತು, ಬಿಸಿಯಾಗಿತ್ತು. "ನೀ ಅಂದದ್ದಕ್ಕ ಒಪ್ಪಿಗಿ, ಅಣ್ಣ."

ಅವನು ಕಣ್ಣು ಮುಚ್ಚಿದ. ಇಷ್ಟು ವರ್ಷ ಕಣ್ಣು ಮುಚ್ಚಿದಾಗ ಒಳಗೆ ಏನೂ ಇರುತ್ತಿರಲಿಲ್ಲ, ಒಂದು ಸಣ್ಣ ಲೆಕ್ಕವಷ್ಟೇ. ಇವತ್ತು ಗದ್ದಲವಿತ್ತು. ಹದಿನೇಳು ನಲವತ್ತು ಅಂದರೆ ಮುಗಿಯಿತು. ಈ ಹುಡುಗ ಮಾತು ಕೊಟ್ಟಿದ್ದಾನೆ, ಅಷ್ಟಕ್ಕೆ ಕೊಡುತ್ತಾನೆ, ಕೊಡಲೇಬೇಕು. ಒಂದೇ ಒಂದು ಸಲ, ಜೀವಮಾನದಲ್ಲಿ ಒಂದೇ ಸಲ, ಇವಳ ಕಡೆಗೆ ವಾಲಿದರೆ ಯಾರ ಗಂಟು ಹೋಗುತ್ತದೆ? ಶೋರೂಮಿನ ಯಾವನೋ ಧಣಿಯದು, ಅವನ ಮುಖವನ್ನೂ ನೋಡಿಲ್ಲ. ಹೇಳು. ನಲವತ್ತು ಅನ್ನು. ಆದರೆ ಅಂದ ಕೂಡಲೇ ಈ ಹುಡುಗನ ಮುಖದಲ್ಲಿ ಒಂದು ಕಿರುನಗೆ ಬರುತ್ತದೆ: ಓಹೋ, ಅಪ್ಪ ಹೇಳಿದ ಮನುಷ್ಯ ಇವನೇನಾ, ತಂಗಿಯ ಕಡೆ ಹೇಳಿದ. ಸಂಜೆ ರೂಪನಗುಡಿಗೆ ಹೋಗಿ ಅಪ್ಪನಿಗೆ ಹೇಳುತ್ತಾನೆ. ಅಪ್ಪ ಬದುಕಿದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ತನ್ನವರ ಕಡೆ ವಾಲಿದ ಎಂದು ಯಾರೂ ಬೆರಳು ತೋರಿಸಬಾರದೆಂದು ಅವನು ಯಾವಾಗಲೂ ನಡುವಿನಿಂದ ಒಂದು ಕೂದಲೆಳೆಯಷ್ಟೂ ಕದಲದೆ ಬಂದವನು. ಪರರ ಮುಂದೆ ನ್ಯಾಯವಂತ ಅನ್ನಿಸಿಕೊಳ್ಳಲು ಪ್ರತಿ ಸಲ ಏನಾದರೂ ಕೊಡಬೇಕಾಗುತ್ತಿತ್ತು, ಕೊಡುವುದಕ್ಕೆ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ತನ್ನವರದು. ಅದರಲ್ಲೂ ಇವಳದು, ಯಾಕೆಂದರೆ ಇವಳು ಕೇಳುವುದಿಲ್ಲ. ಕರಿಬಸವ ಕೇಳುತ್ತಿದ್ದ, ಕೂಗಾಡುತ್ತಿದ್ದ, ಕಟ್ಟೆಯ ಮುಂದೆ ನಿಂತು ಹೆಸರು ಹಾಳು ಮಾಡುತ್ತಿದ್ದ. ಆವತ್ತು ನಾಲ್ಕಕ್ಕೂ ಸೊನ್ನೆಗೂ ನಡುವೆ ಎರಡು ಅಂದಾಗ ತಾನು ಕೂತದ್ದು ನಡುವೆಯೇ? ಆ ಎರಡು ಎಕರೆ ಬಂದದ್ದು ಯಾರಿಗೆ? ಈ ಪ್ರಶ್ನೆಯನ್ನು ಹದಿನಾರು ವರ್ಷದಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡ ಕೂಡಲೇ ನಾಚಿಕೆಯಿಂದ ಕಿವಿ ಬಿಸಿಯಾದವು, ಮತ್ತು ನಾಚಿಕೆಯಿಂದ ಪಾರಾಗಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಆದಷ್ಟು ಬೇಗ ನ್ಯಾಯವಂತನಾಗುವುದು.

"ಹದಿನೇಳು ಎಪ್ಪತ್ತೈದು" ಎಂದ.

ಕಣ್ಣು ತೆರೆದಾಗ ಚನ್ನವೀರಮ್ಮ ಕೈಯನ್ನು ಆಗಲೇ ಹಿಂದಕ್ಕೆ ತೆಗೆದುಕೊಂಡಿದ್ದಳು. ಹುಲಿಗೇಶ್ ಎರಡು ಕ್ಷಣ ಹಣೆ ಗಂಟಿಕ್ಕಿಕೊಂಡು, ಬಹಳ ನಷ್ಟವಾದವನಂತೆ ಉಸಿರುಬಿಟ್ಟು, "ಆತು. ಹಿರೇರ ಮಾತು" ಅಂದ. ಅಂಜನಾ ಎದ್ದೇಬಿಟ್ಟಳು. "ಮಾಮ, ಹೊಸಪೇಟಿಯಾಗ ಹದಿನೇಳು ನಲವತ್ತು ಐತಿ. ಬೆಳಿಗ್ಗಿನs ಹೇಳಿದ್ನಲ್ಲ ನಿಮಗ? ಮೂವತ್ತೈದು ಸಾವಿರ ಹೆಚ್ಚಿಗಿ. ಏಳು ರೂಪಾಯಿಗೆ ಒಂದು ರೊಟ್ಟಿ ಮಾರ್ತಾಳ ನಮ್ಮವ್ವ. ಐದು ಸಾವಿರ ರೊಟ್ಟಿ ಆತು. ಅಮ್ಮಾ, ಏಳು, ಹೊಸಪೇಟಿಗೆ ಹೋಗೂಣು." ಅವಳ ಧ್ವನಿ ಗಾಜಿನ ಆಚೆಗೂ ಕೇಳಿಸಿರಬೇಕು, ನೀಲಿ ಕೋಟಿನ ಹುಡುಗಿ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ದೊಡ್ಡಬಸವರಾಜ ತಂಗಿಯನ್ನೇ ನೋಡುತ್ತಿದ್ದ. ಅವಳು ಎದ್ದು ಹೋದರೆ? ಎದ್ದು ಹೋಗಬೇಕು, ಅದೇ ಸರಿ, ಹೋಗಲಿ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಉಳಿದ ಮನಸ್ಸೆಲ್ಲ, ಹೋಗಬೇಡ, ಇವರ ಮುಂದೆ ನನ್ನ ಮಾತು ಮುರಿಯಬೇಡ ಎಂದು ಒಳಗೇ ಕೈ ಜೋಡಿಸಿ ನಿಂತಿತ್ತು.

"ಕೂಡು ಅಂಜನಾ" ಎಂದಳು ಚನ್ನವೀರಮ್ಮ. "ಅಣ್ಣ ಅಂದಾತು." ಚೀಲದಿಂದ ಚೆಕ್ ಪುಸ್ತಕ ತೆಗೆದು, ಅಂಜನಾ ಬರೆಯಲು ಒಲ್ಲೆ ಅಂದಾಗ ತಾನೇ, ಒಂದೊಂದೇ ಅಕ್ಷರ ಕೂಡಿಸಿ, ಬುಕಿಂಗಿನ ಒಂದು ಲಕ್ಷ ಬರೆದು ಸಹಿ ಹಾಕಿದಳು. ದೊಡ್ಡಬಸವರಾಜ ಚಹಾ ಕುಡಿದ, ಸಕ್ಕರೆ ಹೇಳಿದಷ್ಟೇ ಕಡಿಮೆಯಿತ್ತು.

ಹೊರಗೆ ಬರುವಾಗ ಹುಲಿಗೇಶ್ ಅವನೊಬ್ಬನನ್ನೇ ತೋಳು ಹಿಡಿದು ಸ್ವಲ್ಪ ಹಿಂದೆ ನಿಲ್ಲಿಸಿಕೊಂಡ. ಧ್ವನಿ ತಗ್ಗಿಸಿ, ತುಂಬು ಗೌರವದಿಂದಲೇ ಹೇಳಿದ: "ಯಜಮಾನ್ರೆ, ನಮ್ಮಪ್ಪ ಹೇಳಿದ್ದು ಸುಳ್ಳಲ್ಲ ನೋಡ್ರಿ. ಹೊಸಪೇಟಿ ರೇಟು ನಮಗೂ ಗೊತ್ತಿರ್ತೈತಿ. ನೀವು ನಲವತ್ತು ಅಂತೀರಿ ಅನ್ಕೊಂಡs ಕೈ ಇಟ್ಟಿದ್ದೆ, ತಿಂಗಳ ಕೊನಿ, ಕೊಟ್ಟೂ ಬಿಡತಿದ್ದೆ. ತಂಗಿ ಅಂತ ನೋಡಲಿಲ್ಲ ನೀವು. ಇಂಥಾ ಮಂದಿ ಈಗ ಎಲ್ಲಿ ಅದಾರ?" ಹೊಗಳಿಕೆಯೇ ಅದು, ಎರಡು ಮಾತಿಲ್ಲ. ಬದುಕಿನಲ್ಲಿ ಅವನಿಗೆ ಬಂದ ಅತಿ ದೊಡ್ಡ ಹೊಗಳಿಕೆಯೂ ಇರಬಹುದು. ಅವನು ತಲೆಯಾಡಿಸಿ ಮೆಟ್ಟಿಲಿಳಿದ. ಅಂಗಳದಲ್ಲಿ ಅಂಜನಾ ಕಾರನ್ನು ತಿರುಗಿಸುತ್ತಿದ್ದಳು, ಅವನು ದೂರ ನಿಂತ.

ವಾಪಸು ದಾರಿಯಲ್ಲಿ ಅವನು ಬೈಗುಳಕ್ಕೆ ಕಾದ. ಬೈದಿದ್ದರೆ ಉತ್ತರಗಳಿದ್ದವು: ಸರ್ವೀಸಿಗೆ ಸಮೀಪ, ಹೊಸಪೇಟೆಯವರು ಬರೆದದ್ದೊಂದು ಕೊಡುವುದೊಂದು, ಹದಿನೆಂಟು ಅರವತ್ತೆರಡು ಅಂದವನನ್ನು ಎಲ್ಲಿಗೆ ಇಳಿಸಿದೆ ನೋಡು. ಯಾರೂ ಬೈಯಲಿಲ್ಲ. ಅಂಜನಾ ಗೇರ್ ಹಾಕುವಾಗ ಸ್ವಲ್ಪ ಜೋರಾಗಿ ಹಾಕುತ್ತಿದ್ದಳು, ಅಷ್ಟೇ. ಎರಡೂ ಬದಿಗೆ ಕುಯ್ಲಿಗೆ ಬಂದ ನೆಲ್ಲು, ಅದರಾಚೆ ಬಂಡೆಗುಡ್ಡಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಕೊನೆಗೆ ಅವನೇ ಬಾಯಿಬಿಟ್ಟ. "ಚನ್ನವ್ವ, ನ್ಯಾಯ ಅಂದ್ರ ಹಂಗs ಇರ್ತೈತಿ. ನಡುವ ಕೂತ ಮ್ಯಾಲ..."

"ನಡುವ ಕೂಡು ಅಂತ ನಾನು ಕರಕೊಂಡು ಬಂದಿದ್ದಿಲ್ಲ ಅಣ್ಣ" ಅಂದಳು ಅವಳು ಹಿಂದಿನಿಂದ.

"ಆ ಹುಡುಗ ಅಷ್ಟು ಮರ್ಯಾದಿ ಕೊಟ್ಟು ಕೇಳಿದ."

"ಹೌದು, ಕೇಳಿದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ನಾಳೆ ಎಷ್ಟು ಸೇರು ಹಿಟ್ಟು ನಾದಬೇಕು ಅನ್ನುವ ದನಿ. "ರೇಟು ಅಂಜನಾನs ಮಾತಾಡ್ತಿದ್ಲು. ಹೊಸಪೇಟಿಗೆ ಹೋಗಿದ್ರ ಸುಮ್ಮನ ತಗೊಂಡು ಬರತಿದ್ವಿ, ನೀನು ಬೇಕಾಗಿದ್ದಿಲ್ಲ. ಆದ್ರ ನನಗೊಂದು ಆಸಿ ಇತ್ತು. ಆವತ್ತು ನನ್ನ ಕೈಯಾಗ ರೊಕ್ಕ ಇದ್ದಿಲ್ಲ, ಬೇಡಾಕ ಬಂದಾಕಿ ಇದ್ದೆ, ಅಣ್ಣ ನಡುವ ಕೂತ. ಇವತ್ತು ನನ್ನ ರೊಕ್ಕ, ನನ್ನ ಗಾಡಿ, ನಾನs ಹೋಗಿ ಕರಕೊಂಡು ಬಂದೀನಿ. ಇವತ್ತರ ನನ್ನ ಮಗ್ಗಲ ಕೂಡ್ತಾನೇನು ನೋಡೂಣು ಅಂತ. ನೋಡಿದೆ. ಮೂವತ್ತೈದು ಸಾವಿರಕ್ಕ ಗೊತ್ತಾತು, ತುಟ್ಟಿ ಏನಲ್ಲ ಬಿಡು."

ಅವನಿಗೆ ಹಿಂದಕ್ಕೆ ತಿರುಗಿ ಅವಳ ಮುಖ ನೋಡಬೇಕೆನ್ನಿಸಿತು, ಕುತ್ತಿಗೆ ತಿರುಗಲಿಲ್ಲ. ಅಳು ಬರುತ್ತದೇನೋ ಅಂದುಕೊಂಡ, ಅದೂ ಬರಲಿಲ್ಲ. ಇಡೀ ದಾರಿ ಅವನು ಹುಡುಕಿದ್ದು ಒಂದೇ: ಇವಳಿಗೆ ಈಗ ಏನು ಕೊಟ್ಟರೆ ಇದು ಸರಿಹೋಗುತ್ತದೆ? ಎರಡು ಎಕರೆ ಎಂಬ ಮಾತು ಒಂದು ಸಲ ತಾನಾಗಿಯೇ ಮೇಲಕ್ಕೆ ಬಂತು. ಬಂದ ಕೂಡಲೇ ಅದರ ಹಿಂದೆಯೇ ಹೆಂಡತಿ, ಮಕ್ಕಳು, ಎಕರೆಗೆ ನಲವತ್ತು ಲಕ್ಷ, ಎರಡಕ್ಕೆ ಎಂಬತ್ತು ಎಲ್ಲ ಸಾಲಾಗಿ ಬಂದು ನಿಂತವು. ಅವನು ಬೇರೆ ಕಡೆ ನೋಡಿದ. ಆಮೇಲೆ ಒಂದು ದಾರಿ ಕಂಡಿತು. ನ್ಯಾಯವಾದ ದಾರಿ, ಯಾರೂ ಬೆರಳು ತೋರಿಸಲಾಗದ್ದು. ಮನಸ್ಸು ಹಗುರಾಯಿತು, ನಿಜವಾಗಿ ಹಗುರಾಯಿತು. ಇಷ್ಟು ಸುಲಭವಾದದ್ದು ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಅವನಿಗೇ ಆಶ್ಚರ್ಯವಾಯಿತು.

ಕುರುಗೋಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಅಂಜನಾ ಕಾರು ನಿಲ್ಲಿಸಿದಳು, ಎಂಜಿನ್ ಆರಿಸಲಿಲ್ಲ. ಅವನು ಇಳಿದ. ಮನೆಗೆ ಬಂದು ಊಟ ಮಾಡಿಕೊಂಡು ಹೋಗಿರಿ ಎಂದು ಕರೆದ, ಹೊತ್ತಾಯಿತು ಅಂದರು. ಆಗ ಹಿಂದಿನ ಕಿಟಕಿಗೆ ಬಂದು, ಗಾಜಿನ ಅಂಚು ಹಿಡಿದು, ತಂಗಿಯ ಮುಖವನ್ನು ಬೆಳಿಗ್ಗೆಯಿಂದ ಮೊದಲ ಸಲ ನೆಟ್ಟಗೆ ನೋಡಿ, ತುಂಬಿದ ಮನಸ್ಸಿನಿಂದ ಹೇಳಿದ:

"ಚನ್ನವ್ವ, ನೀ ಒಬ್ಬಾಕಿನs ಯಾಕ ಹೊರಬೇಕು. ಆ ಮೂವತ್ತೈದರಾಗ ಅರ್ಧ ನಾ ಕೊಡ್ತೀನಿ. ಹದಿನೇಳೂವರಿ ಸಾವಿರ."

ಅವಳು ಅವನನ್ನೇ ನೋಡುತ್ತಿದ್ದಳು. ಮುಂದಿನ ಸೀಟಿನಲ್ಲಿ ಅಂಜನಾ ಜೋರಾಗಿ ನಕ್ಕುಬಿಟ್ಟಳು, ನಗು ಅರ್ಧಕ್ಕೇ ತುಂಡಾಗಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಯಾಕೆ ನಕ್ಕಳೆಂದು ಅವನಿಗೆ ಗೊತ್ತಾಗಲಿಲ್ಲ. ಮೊತ್ತ ಸರಿಯಿದೆಯೇ ಎಂದು ಮನಸ್ಸಿನಲ್ಲೇ ಇನ್ನೊಮ್ಮೆ ಕೂಡಿಸಿ ನೋಡಿದ, ಸರಿಯಿತ್ತು. ಚನ್ನವೀರಮ್ಮ ಗಾಜಿನ ಅಂಚಿನ ಮೇಲಿದ್ದ ಅವನ ಬೆರಳುಗಳನ್ನು ಒಂದೊಂದಾಗಿ, ಮಗುವಿನ ಕೈ ಬಿಡಿಸುವಂತೆ ಬಿಡಿಸಿದಳು.

"ಆತು ಅಣ್ಣ" ಎಂದಳು. "ನೀ ಅಂದಾತು." ಗಾಜು ಏರಿಸಿಕೊಂಡಳು, ಕಾರು ಸಿರುಗುಪ್ಪದ ದಾರಿಗೆ ತಿರುಗಿತು.